ಫಾಲ್ಟು ಸಿಕ್ಕಿತು

ಮಣ್ಣು ಅಗೆಯುವ ಆ ಹಳದಿ ಯಂತ್ರ ಮೂರು ದಿನದಿಂದ ಸ್ಟಾರ್ಟ್ ಆಗಿರಲಿಲ್ಲ. ಕೀಲಿ ತಿರುಗಿಸಿದರೆ ದೀಪಗಳು ಹತ್ತುತ್ತಿದ್ದವು. ಇನ್ನಷ್ಟು ತಿರುಗಿಸಿದರೆ ಒಳಗೆಲ್ಲೋ ‘ಟಕ್’ ಎನ್ನುತ್ತಿತ್ತು. ಆಮೇಲೆ, ನೆಂಟರ ದನಿ ಕೇಳಿ ಹಿಂಬಾಗಿಲಿನಿಂದ ಜಾರಿಕೊಳ್ಳುವವರ ಹಾಗೆ ದೀಪಗಳೆಲ್ಲ ಒಂದೊಂದಾಗಿ ಆರಿಹೋಗುತ್ತಿದ್ದವು.

ಕಂಪನಿಯ ವರ್ಕ್‌ಶಾಪಿನವರು ಕರೆಂಟಣ್ಣನನ್ನು ಕಳಿಸಿದರು. ದೊಡ್ಡ ಯಂತ್ರಗಳ ವೈರು ಹಿಡಿದು ಇಪ್ಪತ್ತೆರಡು ವರ್ಷ ಕಳೆದವನಿಗೆ ಅಂಟಿಕೊಂಡಿದ್ದ ಹೆಸರದು. ಫಾಲ್ಟು ಸಿಗದೆ ತಾನು ಒಮ್ಮೆಯೂ ಬರಿಗೈಯಲ್ಲಿ ವಾಪಸು ಬಂದಿಲ್ಲ ಎಂದು ಅವನು ವಾರಕ್ಕೆರಡು ಸಲವಾದರೂ ಮನೆಯಲ್ಲಿ ಹೇಳುತ್ತಿದ್ದ.

“ಹೌದೌದು,” ಎಂದಿದ್ದಳು ಹೆಂಡತಿ ಆ ಬೆಳಿಗ್ಗೆಯೂ, “ಬಚ್ಚಲುಮನೆ ಬಲ್ಬು ಆರು ತಿಂಗಳಿಂದ ಮಿಣಮಿಣ ಅಂತಿದೆ. ಅದರ ಫಾಲ್ಟು ಯಾವಾಗ ಸಿಗುತ್ತೆ?”

ಯಂತ್ರ ನಿಂತಿದ್ದದ್ದು ಕೆಡವುತ್ತಿದ್ದ ಹಳೆಯ ನೂಲಿನ ಗಿರಣಿಯೊಂದರ ಅಂಗಳದಲ್ಲಿ. ಸೂರು ಹೋಗಿತ್ತು, ಮೂರು ಗೋಡೆ ಹೋಗಿದ್ದವು. ನಾಲ್ಕನೆಯದು ಮಾತ್ರ ನಾಲ್ಕು ಅಂತಸ್ತಿನಷ್ಟು ಎತ್ತರಕ್ಕೆ, ಯಾರದೋ ಮಾತು ಕೇಳಿಸಿಕೊಳ್ಳಲು ಬಗ್ಗಿದ ಕಿವುಡನ ಹಾಗೆ ಈ ಕಡೆಗೇ ವಾಲಿ ನಿಂತಿತ್ತು. ಅದರ ನಡುವಿನ ಬಿರುಕಿನಲ್ಲಿ ಕೈ ತೂರಿಸಬಹುದಿತ್ತು. ಅದರ ಬುಡ ಅಗೆಯಬೇಕೆಂದೇ ಯಂತ್ರ ಬಂದಿತ್ತು; ಬುಡದ ಹತ್ತಿರ ಹೋಗುತ್ತಲೇ ಕೆಟ್ಟು ಕೂತಿತ್ತು.

“ಹೋದ ವಾರ ಒಂದು ತುಂಡು ಬಿತ್ತು,” ಎಂದ ಗೇಟಿನ ಕಾವಲುಗಾರ. “ನನ್ನ ಕುರ್ಚಿ ಪುಡಿಪುಡಿ. ನಾನು ಟೀ ಕುಡಿಯೋಕೆ ಹೋಗಿದ್ದೆ. ಅವತ್ತಿಂದ ದಿನಕ್ಕೆ ಎಂಟು ಟೀ ಕುಡೀತೀನಿ.”

ಸೂಪರ್‌ವೈಸರ್ ಓಡಿ ಬಂದ. “ಸಂಜೆ ಒಳಗೆ ಗೋಡೆ ಬೀಳ್ಬೇಕು. ನಾಳೆ ದೊಡ್ಡ ಸಾಹೇಬ್ರು ನೋಡೋಕೆ ಬರ್ತಾರೆ. ಏನಾದ್ರೂ ಮಾಡಿ ಕರೆಂಟಣ್ಣ.”

ಯಂತ್ರದ ಆಪರೇಟರ್, ನರೆತ ಗಡ್ಡದ ಸಣಕಲು ಮನುಷ್ಯ, ಚಕ್ರಗಳನ್ನು ಸುತ್ತಿದ ಉಕ್ಕಿನ ಪಟ್ಟಿಯ ಮೇಲೆ ಕೂತಿದ್ದ. ಸೂಪರ್‌ವೈಸರ್ ಅತ್ತ ಹೋದಮೇಲೆ ತಗ್ಗಿದ ದನಿಯಲ್ಲಿ, “ಇದು ಹಳೇ ಗಾಡಿ ಅಣ್ಣಾ, ಸುಮ್ನೆ ಯಾಕೆ ಒದ್ದಾಡ್ತೀರ? ಸಿಗಲಿಲ್ಲ ಅಂತ ಹೇಳಿ ಮನೆಗೆ ಹೋಗಿ,” ಎಂದ.

ಕರೆಂಟಣ್ಣನ ಕಿವಿ ಕೆಂಪಾಯಿತು. “ಸಿಗಲಿಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲಪ್ಪ.”

ಆದರೆ ಅವನು ಮೀಟರು ಹೊರತೆಗೆಯುವುದರೊಳಗೆ ಊರಿಗೆಲ್ಲ ಕಾಯಿಲೆ ಗೊತ್ತಾಗಿಬಿಟ್ಟಿತ್ತು. “ಬ್ಯಾಟರಿ ಸತ್ತಿದೆ, ಬರ್ಕೊಡ್ತೀನಿ,” ಎಂದ ಮಣ್ಣಿನ ಲಾರಿಯ ಡ್ರೈವರ್. ಮೀಟರು ಇಪ್ಪತ್ತೈದು ವೋಲ್ಟ್, ಅಂದರೆ ಭರ್ತಿ ಚಾರ್ಜು, ತೋರಿಸಿದರೂ ಕೇಳದೆ ಲಾರಿಯನ್ನು ಗೇಟಿನಲ್ಲೇ ಅಡ್ಡ ನಿಲ್ಲಿಸಿ, ಅದರ ಬ್ಯಾಟರಿಗಳನ್ನು ಬಿಚ್ಚಿ ಹೊತ್ತು ತಂದ. ಜೋಡಿಸುವಾಗ ಯಾರೋ ಹಿಂದಿನಿಂದ “ಪ್ಲಸ್ ಆ ಕಡೆ!” ಎಂದು ಕೂಗಿದರು. ಕರೆಂಟಣ್ಣ ಬೆಚ್ಚಿದ, ಸ್ಪ್ಯಾನರು ಕೈಜಾರಿ ಎರಡು ಟರ್ಮಿನಲ್‌ಗಳ ಮೇಲೂ ಅಡ್ಡ ಬಿತ್ತು. ಫಳ್ಳೆಂದು ಕಿಡಿ ಹಾರಿ ಅವನ ಎಡ ಹುಬ್ಬು ಸುಟ್ಟು ಕರಕಲಾಯಿತು. ಲಾರಿಯ ಬ್ಯಾಟರಿ ಬಿರಿದು ಆಸಿಡ್ ಸುರಿಯಿತು. ಈಗ ಯಂತ್ರದ ಜೊತೆಗೆ ಲಾರಿಯೂ ಕೆಟ್ಟಿತು, ಗೇಟೂ ಮುಚ್ಚಿತು. ಹೊರಗೆ ನೀರಿನ ಟ್ಯಾಂಕರು ಹಾರ್ನ್ ಬಡಿಯತೊಡಗಿತು.

“ಬ್ಯಾಟರಿ ಅಲ್ಲ, ಸ್ಟಾರ್ಟರು,” ಎಂದ ವೆಲ್ಡರ್, ಮೊದಲಿನಿಂದಲೂ ತಾನು ಅದನ್ನೇ ಹೇಳುತ್ತಿದ್ದವನಂತೆ. ಸ್ಟಾರ್ಟರ್ ಬಿಚ್ಚಲು ಎರಡು ಗಂಟೆ ಹಿಡಿಯಿತು. ಬೆರಳಿನ ಚರ್ಮ ಸುಲಿಯಿತು, ಮುಖಕ್ಕೆ ಗ್ರೀಸು ಮೆತ್ತಿತು. ನೆಲದ ಮೇಲಿಟ್ಟು ಕರೆಂಟು ಕೊಟ್ಟರೆ ಅದು ಬುಗುರಿಯ ಹಾಗೆ ತಿರುಗಿತು. ವೆಲ್ಡರ್ ಊಟಕ್ಕೆ ಹೋದ.

“ಅಣ್ಣಾ, ಸಾಕು. ಈಗಲಾದ್ರೂ ಹೋಗಿ,” ಎಂದ ಆಪರೇಟರ್. ಆ ದನಿಯಲ್ಲಿ ಏನೋ ಬೇಡಿಕೆಯಿತ್ತು. ಕರೆಂಟಣ್ಣನಿಗೆ ಅಣಕದಂತೆ ಕೇಳಿಸಿತು.

ಸ್ಟಾರ್ಟರನ್ನು ಮತ್ತೆ ಜೋಡಿಸಿ, ಮೂರು ಗಂಟೆಗೆ ಆಪರೇಟರ್ ಒಬ್ಬನನ್ನು ಬಿಟ್ಟು ಎಲ್ಲರನ್ನೂ ದೂರ ಅಟ್ಟಿ ಅವನು ತನ್ನ ಲೆಕ್ಕದಲ್ಲಿ ಯೋಚಿಸಿದ. ಬ್ಯಾಟರಿಯಲ್ಲಿ ಕರೆಂಟಿದೆ, ಸ್ಟಾರ್ಟರು ಸರಿಯಿದೆ. ಹಾಗಾದರೆ ಕಳ್ಳ ಇರುವುದು ದಾರಿಯಲ್ಲಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಯಂತ್ರದ ಕಬ್ಬಿಣದ ಮೈಗೆ ಒತ್ತಿ ಹಿಡಿದು, “ಕೀಲಿ ತಿರುಗಿಸಿ!” ಎಂದ. ಆಪರೇಟರ್ ಒಲ್ಲದ ಮನಸ್ಸಿನಿಂದ ತಿರುಗಿಸಿದ. ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕಿದ್ದ ಮೀಟರು ಇಪ್ಪತ್ತು ವೋಲ್ಟ್ ತೋರಿಸಿತು. ಕರೆಂಟಿಗೆ ತಡೆ ಇದ್ದದ್ದು ಅಲ್ಲೇ.

ಮೈನಸ್ ಕೇಬಲ್ಲು ಯಂತ್ರದ ಮೈಗೆ ಸೇರುವ ಬೋಲ್ಟಿಗೇ ಅವನು ಕೈಹಾಕಿದ. ಬಿಚ್ಚಿದರೆ ಕೇಬಲ್ಲಿಗೂ ಕಬ್ಬಿಣಕ್ಕೂ ನಡುವೆ ಸೈಕಲ್ ಟ್ಯೂಬಿನ ತುಂಡೊಂದು, ದುಂಡಗೆ, ಅಚ್ಚುಕಟ್ಟಾಗಿ ಕತ್ತರಿಸಿ ಇಟ್ಟದ್ದು! ಬೋಲ್ಟಿನ ಮೂಲಕ ಹರಿಯುವ ಚೂರುಪಾರು ಕರೆಂಟಿಗೆ ದೀಪ ಹತ್ತುತ್ತಿತ್ತೇ ಹೊರತು ಇಂಜಿನ್ ತಿರುಗುತ್ತಿರಲಿಲ್ಲ.

“ಸಿಕ್ತು!” ಎಂದು ಅವನು ಕೂಗಿದ ಕೂಗಿಗೆ ಕಾವಲುಗಾರನ ಆರನೆಯ ಟೀ ಚೆಲ್ಲಿತು. “ಯಾವನೋ ತಲೆಕೆಟ್ಟ ಮೆಕ್ಯಾನಿಕ್ ರಬ್ಬರ್ ಇಟ್ಟಿದಾನೆ, ನೋಡಿ ಬನ್ನಿ!”

ಕೇಬಲ್ ಬಿಗಿದು, ತಾನೇ ಮೇಲೆ ಹತ್ತಿ ಸ್ಟಾರ್ಟ್ ಮಾಡಿದ. ಇಂಜಿನ್ ಗುಡುಗಿತು. ಹುರುಪಿನಲ್ಲಿ ಯಂತ್ರವನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಓಡಿಸಿ, ಬಕೆಟ್ ಎತ್ತಿ ಇಳಿಸಿ ತೋರಿಸಿ, ಆರಿಸಿ ಕೆಳಗಿಳಿದ. ಸೂಪರ್‌ವೈಸರ್ ತಬ್ಬಿಕೊಂಡ. ರಬ್ಬರ್ ತುಂಡನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, “ಇದನ್ನ ಸಾಹೇಬ್ರಿಗೆ ತೋರಿಸಿ ನಿಮ್ಮ ಬಗ್ಗೆ ಹೇಳ್ತೀನಿ,” ಎಂದ.

ಆಪರೇಟರ್ ಮಾತ್ರ ನಗಲಿಲ್ಲ. ಚೀಲ ಹೆಗಲಿಗೇರಿಸಿ ಹತ್ತಿರ ಬಂದ.

“ಅದು ನಾನೇ ಇಟ್ಟಿದ್ದು ಅಣ್ಣಾ. ಮೇಲಿಂದ ಒಡ್ಕೊಂಡು ಬನ್ನಿ ಅಂತ ಬಾಯಿ ಬಡ್ಕೊಂಡೆ, ಇವರು ಬುಡ ಅಗಿ ಅಂತಾರೆ. ಆ ಗೋಡೆ ಬಿದ್ರೆ ಯಾವ ಕಡೆ ಬೀಳುತ್ತೆ ಅಂತ ನೀವೇ ನೋಡಿ. ನಂಗೆ ಸಣ್ಣ ಮಕ್ಕಳಿದಾರೆ.” ಹೆಲ್ಮೆಟ್ ತೆಗೆದು ಕರೆಂಟಣ್ಣನ ಕೈಗಿಟ್ಟ. “ನಾನು ಕೆಲಸ ಬಿಟ್ಟೆ.” ಅಡ್ಡ ನಿಂತ ಲಾರಿಯ ಪಕ್ಕದಲ್ಲಿ ನುಸುಳಿ ಹೊರಟೇಹೋದ.

ಸೂಪರ್‌ವೈಸರ್ ಗೋಡೆ ನೋಡಿದ, ಗಡಿಯಾರ ನೋಡಿದ. ಕೊನೆಗೆ ಕರೆಂಟಣ್ಣನನ್ನು ನೋಡಿದ.

“ನಿಮಗೆ ಓಡಿಸೋಕೆ ಬರುತ್ತಲ್ಲ? ಈಗ ತಾನೆ ಎಷ್ಟು ಚೆನ್ನಾಗಿ ಓಡಿಸಿದ್ರಿ!”

“ನಾನು ವೈರಿನವನು ಸ್ವಾಮಿ. ಮತ್ತೆ... ಆ ರಬ್ಬರ್ ಒಂದು ನಿಮಿಷ ಕೊಡಿ, ಏನೋ ಚೆಕ್ ಮಾಡೋದಿದೆ.”

“ಅದು ಸಾಕ್ಷಿ. ಕೊಡಲ್ಲ.” ಸೂಪರ್‌ವೈಸರನ ದನಿ ಗಟ್ಟಿಯಾಯಿತು. “ನೋಡಿ, ಲಾರಿ ಬ್ಯಾಟರಿ ಸುಟ್ಟಿದ್ದು ಯಾರು ಅಂತ ನಾನಿನ್ನೂ ವರ್ಕ್‌ಶಾಪಿಗೆ ಹೇಳಿಲ್ಲ. ಹತ್ತಿ ಕೂತ್ಕೊಳ್ಳಿ. ಇಲ್ಲಾಂದ್ರೆ ನಾಳೆಯಿಂದ ಅಲ್ಲಿಗೂ ಹೋಗೋದು ಬೇಡ.”

ಕರೆಂಟಣ್ಣ ಹತ್ತಿ ಕೂತ. ಗಾಜಿನ ತುಂಬ ಗೋಡೆಯೇ ಕಾಣುತ್ತಿತ್ತು, ಆಕಾಶ ಕಾಣುತ್ತಿರಲಿಲ್ಲ. ಕೆಳಗಿನಿಂದ ಕಂಡದ್ದಕ್ಕಿಂತ ಬಿರುಕು ಅಗಲವಾಗಿತ್ತು. ಇಪ್ಪತ್ತೆರಡು ವರ್ಷ ಇಂಜಿನ್ ಹತ್ತಲಿ ಎಂದು ಬೇಡಿಕೊಂಡವನು, ಜೀವನದಲ್ಲಿ ಮೊದಲ ಬಾರಿ ಹತ್ತದಿರಲಿ ಎಂದು ಕಣ್ಣುಮುಚ್ಚಿ ಬೇಡಿಕೊಂಡು, ಕೀಲಿಯನ್ನು ಆದಷ್ಟು ಮೆಲ್ಲಗೆ ತಿರುಗಿಸಿದ.

ಪೂರ್ತಿ ತಿರುಗಿಸುವುದರೊಳಗೆ ಇಂಜಿನ್ ಹತ್ತಿಕೊಂಡಿತು. ಗಾಜಿನ ಮೇಲೆ ಒಂದು ಹಿಡಿ ಸುಣ್ಣದ ಪುಡಿ ಉದುರಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟುತ್ತಲೇ ಹಿಂದೆ ಹಿಂದೆ ಸರಿದು, ಗೇಟು ದಾಟಿ ನಿಂತರು.