ಫೋಟೋ ತೆಗೆದುಕೊಡಲಾಗುವುದು

ಹವ್ಯಾಸಕ್ಕೆ ಹವ್ಯಾಸವೂ ಆಯಿತು, ಕೈಗೆ ನಾಲ್ಕು ಕಾಸೂ ಬಂತು ಎಂದು ಯಾರಾದರೂ ನಿಮ್ಮೆದುರು ಬಾಯಿ ತೆರೆದರೆ ದಯವಿಟ್ಟು ಅಲ್ಲಿಂದ ಎದ್ದು ಬನ್ನಿ. ನಾನು ಎದ್ದು ಬರಲಿಲ್ಲ. ಕಚೇರಿಯಲ್ಲಿ ಊಟದ ಹೊತ್ತಿಗೆ ಪಕ್ಕದ ಮೇಜಿನ ಟೈಪಿಸ್ಟು ತನ್ನ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಅದರಲ್ಲಿ ಒಬ್ಬ ಗಡ್ಡದವನು ಬೆಟ್ಟದ ತುದಿಯಲ್ಲಿ ನಿಂತು, ಕ್ಯಾಮೆರಾ ಒಂದಿದ್ದರೆ ಸಾಕು, ನಿಮ್ಮ ಭಾನುವಾರಗಳೇ ನಿಮ್ಮನ್ನು ಸಾಕುತ್ತವೆ ಎಂದ. ನಾನು ನೀರಿನ ಬಿಲ್ಲು ಕಟ್ಟಿಸಿಕೊಳ್ಳುವ ಗುಮಾಸ್ತ. ದಿನವಿಡೀ ಅಂಗೈಯಗಲದ ಕಿಂಡಿಯಲ್ಲಿ ಜನರ ಮುಖ ನೋಡುವವನು. ಮುಖಗಳನ್ನು ಚೌಕಟ್ಟಿನೊಳಗೆ ನೋಡುವ ಅಭ್ಯಾಸ ನನಗೆ ಆಗಲೇ ಇದೆಯಲ್ಲ ಅನ್ನಿಸಿತು. (ಆ ಮುಖಗಳೆಲ್ಲ ನನ್ನನ್ನು ಬೈಯುತ್ತಿರುತ್ತವೆ ಅನ್ನುವುದು ಬೇರೆ ಮಾತು.)

ಅದೇ ಸಮಯಕ್ಕೆ ಸರಿಯಾಗಿ ನಮ್ಮ ಮನೆಯ ಬಟ್ಟೆ ಒಗೆಯುವ ಮಷಿನ್ನು ಗರಗರ ಎಂದು ಪ್ರಾಣ ಬಿಟ್ಟಿತ್ತು. ಹೊಸದಕ್ಕೆಂದು ಇವಳು ಕೂಡಿಟ್ಟ ದುಡ್ಡನ್ನು ನಾನು ಕ್ಯಾಮೆರಾಕ್ಕೆ ಹಾಕಿದೆ. ಕದ್ದು ಅಲ್ಲ, ಕೇಳಿಯೇ. ಕ್ಯಾಮೆರಾ ದುಡಿದು ಮಷಿನ್ನು ತರುತ್ತದೆ, ಮಷಿನ್ನು ಎಂದಾದರೂ ದುಡಿದು ಕ್ಯಾಮೆರಾ ತಂದೀತೇ ಎಂದು ತರ್ಕಶಾಸ್ತ್ರವನ್ನೆಲ್ಲ ಅವಳ ಮುಂದೆ ಹರಡಿದೆ. ಆಗ ಅವಳು ಬಚ್ಚಲಲ್ಲಿ ಕೂತು ಬೆಡ್‌ಶೀಟ್ ತಿಕ್ಕುತ್ತಿದ್ದಳು, ಮೊಣಕೈವರೆಗೆ ನೊರೆ. "ಏನಾದ್ರೂ ಮಾಡ್ಕೊಳ್ಳಿ" ಅಂದಳು. ಅದನ್ನು ನಾನು ಆಶೀರ್ವಾದ ಎಂದು ತಿಳಿದೆ. ಮದುವೆಯಾಗಿ ಇಷ್ಟು ವರ್ಷವಾದರೂ ಆ ಎರಡು ಪದಗಳ ಅರ್ಥ ನನಗಿನ್ನೂ ಗೊತ್ತಾಗಿಲ್ಲ ನೋಡಿ.

ಆಮೇಲಿನ ಭಾನುವಾರಗಳ ಕಥೆ ಏನು ಹೇಳಲಿ. ಇರುವೆ ತೆಗೆದೆ, ಇಬ್ಬನಿ ತೆಗೆದೆ, ಸೂರ್ಯ ಮುಳುಗುವುದನ್ನು ತೆಗೆದೆ, ಮುಳುಗಿದ ಮೇಲೆ ಕತ್ತಲನ್ನೂ ತೆಗೆದೆ. ಫೋಟೋ ಮಾರಿಕೊಡುವ ಒಂದು ಜಾಲತಾಣಕ್ಕೆ ಅವನ್ನೆಲ್ಲ ಕಳಿಸಿದರೆ, ಸೂರ್ಯಾಸ್ತ ನಮ್ಮಲ್ಲಿ ಸಾಕಷ್ಟಿದೆ ಎಂದು ಉತ್ತರ ಬಂತು. ಪರಿಚಯದವರು ಮಾತ್ರ ಧಾರಾಳವಾಗಿ ಕರೆದರು. ಮಗುವಿನ ಹುಟ್ಟಿದಹಬ್ಬ, ಮಗಳ ನಿಶ್ಚಿತಾರ್ಥ, ಸಾಹೇಬರ ಬೀಳ್ಕೊಡುಗೆ. ಎಲ್ಲರದೂ ಒಂದೇ ಮಾತು, ನೀವು ಹೇಗಿದ್ರೂ ಬರ್ತೀರಲ್ಲ, ಹಾಗೇ ಕ್ಯಾಮೆರಾನೂ ತನ್ನಿ. ಊಟಕ್ಕೆ ಕೂರುವ ಹೊತ್ತಿಗೆ ಇನ್ನೊಂದು ಗುಂಪು ಫೋಟೋ, ಫೋಟೋ ಮುಗಿಯುವ ಹೊತ್ತಿಗೆ ಊಟ ಖಾಲಿ. ಹವ್ಯಾಸ ಅನ್ನುವ ಪದ ಒಂದಿದ್ದರೆ ದುಡ್ಡು ಕೇಳುವ ಬಾಯಿಗೆ ಬೀಗ ಬಿದ್ದಂತೆಯೇ. ಅತ್ತ ಮನೆಯಲ್ಲಿ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದು ಹಿಂಡುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ನಿಜಕ್ಕೂ ಸುಸ್ತಾಗಿತ್ತು.

ಕೊನೆಗೊಂದು ಸಂಜೆ ಇವಳು ತೀರ್ಪು ಕೊಟ್ಟಳು. ಅವಳ ತಮ್ಮ, ಅಂದರೆ ನನ್ನ ಭಾವಮೈದುನ, ಕ್ಯಾಮೆರಾಕ್ಕೆ ಗಿರಾಕಿ ಹುಡುಕಿದ್ದಾನಂತೆ. ತಿಂಗಳ ಕೊನೆಯೊಳಗೆ ನಾನು ಅದರಿಂದ ಒಂದೇ ಒಂದು ಸಲ ದುಡಿದು ತೋರಿಸಿದರೆ ಸರಿ, ಇಲ್ಲದಿದ್ದರೆ ಅದು ಹೋಗುತ್ತದೆ, ಮಷಿನ್ನು ಬರುತ್ತದೆ. ಅವಳು ಜಗಳವಾಡಿದ್ದರೆ ನಾನೂ ಆಡಬಹುದಿತ್ತು. ಅವಳು ಸುಮ್ಮನೆ ತನ್ನ ಬೆರಳುಗಳನ್ನು ತೋರಿಸಿದಳು. ಸೋಪಿನ ಪುಡಿಗೆ ತುದಿಗಳೆಲ್ಲ ಸುಲಿದುಹೋಗಿದ್ದವು. ಆದರೂ ಕ್ಯಾಮೆರಾ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಜಾಹೀರಾತು ಅಂಟಿಸುವುದೆಂದು ನಿರ್ಧರಿಸಿದೆ. "ಛಾಯಾಗ್ರಹಣ ಸೇವೆ, ತಮ್ಮ ಗೃಹದಲ್ಲೇ" ಎಂದು ಗಂಭೀರವಾಗಿ ಬರೆದು ತೋರಿಸಿದರೆ ಇವಳು ಮೂಗು ಮುರಿದಳು.

"ಗ್ರಹಣ ಮನೆಗೇ ಬರುತ್ತೆ ಅಂದ್ರೆ ಯಾರ್ರೀ ಬಾಗಿಲು ತೆಗೀತಾರೆ? ಸೀದಾ ಬರೀರಿ, ಫೋಟೋ ತೆಗೆದುಕೊಡಲಾಗುವುದು ಅಂತ."

ಸೀದಾ ಬರೆದೆ. ಮನೆಗೇ ಬಂದು ಫೋಟೋ ತೆಗೆದುಕೊಡಲಾಗುವುದು. ಆದರೆ ಕಲಾವಿದನಾದವನು ತನ್ನದೊಂದು ಮುದ್ರೆ ಒತ್ತದೆ ಬಿಡುತ್ತಾನೆಯೇ? ನಡುವೆ "ನಾಜೂಕಾಗಿ" ಎಂಬ ಪದ ತುರುಕಿದೆ. ಇಸ್ತ್ರಿ ಅಂಗಡಿಯ ಬಾಗಿಲಿಗೆ ಒಂದು, ಔಷಧಿ ಅಂಗಡಿಯ ಗಾಜಿಗೆ ಒಂದು ಅಂಟಿಸಿ ಬಂದೆ.

ತಿಂಗಳು ಮುಗಿಯುತ್ತ ಬಂತು. ಭಾವಮೈದುನ ಬಂದು ಕ್ಯಾಮೆರಾವನ್ನು ತಿರುಗಿಸಿ ತಿರುಗಿಸಿ ನೋಡಿಹೋದ, ಹೆಣ್ಣು ನೋಡಲು ಬಂದವರ ಹಾಗೆ. ಆಗ ಫೋನು ಬಂತು. ನಮ್ಮ ಬೀದಿಯ ಕೊನೆಯ ಮನೆಯಲ್ಲಿರುವ ನಿವೃತ್ತ ಹೆಡ್ಮಿಸ್ಟ್ರೆಸ್ ಮೇಡಂ. ಅವರ ದನಿ ಕೇಳಿದರೆ ಈಗಲೂ ನಾನು ಎದ್ದು ನಿಲ್ಲುತ್ತೇನೆ, ಅವರ ಹತ್ತಿರ ನಾನು ಓದಿಲ್ಲದಿದ್ದರೂ.

"ಫೋಟೋ ತೆಗೆಯೋರು ನೀವೇನಾ?"

"ನಾನೇ ಮೇಡಂ. ಎಷ್ಟು ತೆಗೀಬೇಕು?"

"ಹತ್ತು ಹನ್ನೆರಡು ಆಗಬಹುದು. ಎಲ್ಲಾ ನಮ್ಮ ಮನೆಯೋರದ್ದೇ. ಆದ್ರೆ ನಮ್ಮ ಮಾವನೋರು ಸ್ವಲ್ಪ ಭಾರ. ನಿಮ್ಮೊಬ್ಬರ ಕೈಲಾಗುತ್ತಾ?"

ಭಾರ ಇರೋರು ಚೆನ್ನಾಗಿ ಬರ್ತಾರೆ ಮೇಡಂ ಎಂದೆ. "ಬಂದ್ರೆ ಸಾಕು. ಎಷ್ಟು ವರ್ಷ ಆಯ್ತೋ ಅವರು ಅಲ್ಲಾಡಿ" ಎಂದರು. ಪಾಪ, ಹಾಸಿಗೆ ಹಿಡಿದ ಮುದುಕರು ಎಂದುಕೊಂಡೆ. ಏಣಿ ಇದೆ, ಗಟ್ಟಿಯಾಗಿದೆ ಎಂದೂ ಹೇಳಿದರು. ನನಗೆ ರೋಮಾಂಚನವಾಯಿತು. ಮೇಲಿನಿಂದ ಕೋನ ಹಿಡಿದು ತೆಗೆಯುವುದರ ಮಹಿಮೆ ಗೊತ್ತಿರುವ ಗಿರಾಕಿ ಎಷ್ಟು ಮಂದಿಗೆ ಸಿಗುತ್ತಾರೆ. ದುಡ್ಡಿನ ಮಾತನ್ನೂ ಅವರೇ ಎತ್ತಿದರು, ನಾನು ಚೌಕಾಸಿ ಮಾಡಲಿಲ್ಲ. ಭಾನುವಾರ ಒಳ್ಳೆಯ ಅಂಗಿ ಹಾಕಿಕೊಂಡು, ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಬೆಳಕು ಹರಡುವ ಕೊಡೆ ಎಲ್ಲ ಹೊತ್ತು ಹೊರಟೆ. ಇವಳು ಬಾಗಿಲವರೆಗೆ ಬಂದು ನಿಂತಳು. ಅಷ್ಟು ಸಾಕಿತ್ತು ನನಗೆ.

ಮೇಡಂ ಮನೆಯ ಹಜಾರದಲ್ಲಿ ಕುರ್ಚಿ ಮೇಜುಗಳನ್ನೆಲ್ಲ ನಡುವೆ ಗುಡ್ಡೆ ಹಾಕಿ ಬಿಳಿ ಬಟ್ಟೆ ಹೊದಿಸಿದ್ದರು. ಹಿನ್ನೆಲೆಯನ್ನೂ ಸಿದ್ಧಮಾಡಿಟ್ಟಿದ್ದಾರೆ ಎಂದು ಮೆಚ್ಚಿದೆ. ಮೂಲೆಯಲ್ಲಿ ಇಬ್ಬರು ಪೇಂಟರುಗಳು ಬಕೆಟ್ಟುಗಳ ಪಕ್ಕ ಕೂತು ಚಹಾ ಕುಡಿಯುತ್ತಿದ್ದರು. ನಾನು ಸ್ಟ್ಯಾಂಡು ನಿಲ್ಲಿಸಿ, ಕೊಡೆ ಬಿಚ್ಚಿ, ಬೆಳಕು ಅಳೆದು, ಮೊದಲು ಹಿರಿಯರಿಂದಲೇ ಶುರುಮಾಡೋಣ, ಮಾವನವರು ಎಲ್ಲಿ ಎಂದು ಕೇಳಿದೆ.

ಮೇಡಂ ಮೇಲಕ್ಕೆ ಬೆರಳು ತೋರಿಸಿದರು. ನಾನು ಕೈಮುಗಿದೆ.

"ಛೆ. ಯಾವಾಗ ಮೇಡಂ?"

"ಯಾವಾಗ ಏನು? ನನ್ನ ಮದುವೆಗೂ ಮುಂಚೆ."

"ಮತ್ತೆ... ಅವರ ಫೋಟೋ ತೆಗೀಬೇಕು ಅಂದ್ರಿ?"

"ಹೌದಪ್ಪ. ತೆಗೀರಿ."

ಅವರ ಬೆರಳಿನ ದಾರಿ ಹಿಡಿದು ನೋಡಿದೆ. ಸೂರಿನ ಹತ್ತಿರ, ಬಾಗಿಲಗಲದ ಚೌಕಟ್ಟಿನೊಳಗೆ, ದಪ್ಪ ಗಾಜಿನ ಹಿಂದೆ ಮಾವನವರು ಮೀಸೆ ತಿರುವಿಕೊಂಡು ನನ್ನನ್ನೇ ನೋಡುತ್ತಿದ್ದರು. ಅಕ್ಕಪಕ್ಕದಲ್ಲಿ ಅವರ ಬಳಗ. ಗೋಡೆಗೆ ಬಣ್ಣ ಬಳಿಯಬೇಕಂತೆ, ಗಾಜು ಒಡೆದರೆ ನಮ್ಮ ತಲೆಗೆ ಬೇಡ ಎಂದು ಪೇಂಟರುಗಳು ಮುಟ್ಟಲು ಒಪ್ಪಲಿಲ್ಲವಂತೆ. ಆಗ ಮೇಡಂ ಇಸ್ತ್ರಿ ಅಂಗಡಿಯಲ್ಲಿ ನನ್ನ ಚೀಟಿ ನೋಡಿದರಂತೆ. ಮನೆಗೇ ಬಂದು, ನಾಜೂಕಾಗಿ. "ಇದಕ್ಕೂ ಒಬ್ಬರು ಇದ್ದಾರಲ್ಲ ಅಂತ ಎಷ್ಟು ಸಮಾಧಾನ ಆಯ್ತು ಗೊತ್ತಾ" ಎಂದರು ಮೇಡಂ. ಆಮೇಲೆ ನನ್ನ ಬಿಚ್ಚಿದ ಕೊಡೆಯನ್ನು ನೋಡಿ, ಧೂಳು ಬೀಳದ ಹಾಗೆ ತಂದಿದ್ದೀರಾ, ಒಳ್ಳೇದು ಎಂದು ಮೆಚ್ಚಿದರು.

ನಾನು ಕನ್ನಡವನ್ನು ಶಪಿಸಿದೆ. ಇರುವುದನ್ನು ಕಿತ್ತರೂ ತೆಗೆಯುವುದೇ, ಇಲ್ಲದ್ದನ್ನು ಹಿಡಿದರೂ ತೆಗೆಯುವುದೇ. ತಿರುಗಿ ಮನೆಗೆ ಹೋಗಬಹುದಿತ್ತು. ಆದರೆ ಅಲ್ಲಿ ಭಾವಮೈದುನ ಕ್ಯಾಮೆರಾಕ್ಕೆ ಕಾಯುತ್ತಿದ್ದ. ಒಳ್ಳೆಯ ಅಂಗಿಯ ತೋಳು ಮಡಚಿ ಏಣಿ ಹತ್ತಿದೆ. ಪೇಂಟರುಗಳು ಚಹಾ ಮುಗಿದರೂ ಎದ್ದುಹೋಗದೆ ನನ್ನನ್ನೇ ನೋಡಿದರು. ಮಾವನವರು ಸುಲಭಕ್ಕೆ ಬರಲಿಲ್ಲ. ಬಂದಾಗ ಅವರ ಹಿಂದಿದ್ದ ಜೇಡರ ಸಂಸಾರವೂ ನನ್ನ ತಲೆ ಮೇಲೆ ಬಂತು. ಆದರೂ ಒಂದು ಗಾಜೂ ಒಡೆಯಲಿಲ್ಲ.

ಮನೆಗೆ ಬಂದು ದುಡ್ಡನ್ನು ಇವಳ ಕೈಗಿಟ್ಟೆ. ಅವಳು ಅದನ್ನು ನೋಡಿ ನನ್ನನ್ನು ನೋಡಿದ ನೋಟ ಬಹಳ ದಿನದಿಂದ ನಾನು ಕಾಣದೆ ಇದ್ದದ್ದು.

"ಎಷ್ಟು ತೆಗೆದ್ರಿ?"

"ಇದ್ದ ಬದ್ದದ್ದೆಲ್ಲ ತೆಗೆದೆ."

"ತೋರಿಸಿ ಮತ್ತೆ."

"ಎಲ್ಲಾ ಅವರ ಮನೇಲೇ ಇವೆ ಕಣೇ."

ಗಮನಿಸಿ, ಒಂದು ಸುಳ್ಳೂ ಇಲ್ಲ. ತಲೆಯಲ್ಲಿ ಜೇಡರಬಲೆ ಯಾಕೆ ಎಂದು ಕೇಳಿದಳು, ಹೊಸ ಕೋನ ಎಂದೆ. ಭಾವಮೈದುನ ಮುಖ ಸಣ್ಣದು ಮಾಡಿಕೊಂಡು ಹೊರಟುಹೋದ. ಮರುವಾರವೆಲ್ಲ ಇವಳು ಕಂಡಕಂಡವರಿಗೆ, ನಮ್ಮೋರು ಈಗ ಫೋಟೋಗೆ ಹೊರಗಡೆ ಹೋಗ್ತಾರೆ ಎಂದು ಹೇಳಿಕೊಂಡಳು. ಆಗೆಲ್ಲ ನಾನು ಏನೋ ನೆಪ ಹೇಳಿ ಒಳಗೆ ಎದ್ದುಹೋಗುತ್ತಿದ್ದೆ.

ನಾನು ಸ್ನಾನಕ್ಕೆ ಹೋಗಿದ್ದಾಗ ಮೇಡಂ ಫೋನು ಬಂತು. ಇವಳು ಎತ್ತಿಕೊಂಡಳು. ಹೊರಗೆ ಬಂದರೆ ಅವಳು ಗೋಡೆಗೆ ಒರಗಿ ಕೂತಿದ್ದಳು, ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು. ಯಾರೋ ಹೋದರೇನೋ ಎಂದು ಹೆದರಿದೆ.

"ಬಣ್ಣ ಒಣಗಿದೆಯಂತೆ ರೀ" ಎಂದಳು, ಉಸಿರು ಸಿಕ್ಕಮೇಲೆ. "ತೆಗೆದ ಫೋಟೋನೆಲ್ಲ ವಾಪಸ್ ಹಾಕಿಕೊಡಬೇಕಂತೆ. ನಡೀರಿ, ಏಣಿ ನಾನು ಹಿಡ್ಕೋತೀನಿ."

ಅಂತೂ ಗಂಡಹೆಂಡಿರು ಒಟ್ಟಿಗೆ ಹೋದೆವು. ಮರ್ಯಾದೆಗೆಂದು ನಾನು ಕ್ಯಾಮೆರಾ ಚೀಲವನ್ನೂ ಹೆಗಲಿಗೆ ಹಾಕಿಕೊಂಡಿದ್ದೆ. ಮಾವನವರನ್ನು ಅಪ್ಪಿಕೊಂಡು ಏಣಿಯ ತುದಿಯಲ್ಲಿ ನಾನು ಮೊಳೆ ತಡಕುತ್ತಿದ್ದಾಗ, ಮೇಡಂ ಅವರ ತಂಗಿ ತಮ್ಮ ಮೊಮ್ಮಕ್ಕಳನ್ನು ಕರೆದುಕೊಂಡು ಬಂದರು. ಮನೆ ಎಷ್ಟು ಚೆನ್ನಾಗಿ ಕಾಣ್ತಿದೆ, ಎಲ್ಲರೂ ಸೇರಿದ್ದೀವಿ, ಒಂದು ಫೋಟೋ ಯಾರಾದ್ರೂ ತೆಗೆಯೋ ಹಾಗಿದ್ರೆ ಎಂದರು ಮೇಡಂ. ಇಷ್ಟು ದಿನ ನಾನು ಕಾದ ಮಾತು ಅದೇ. ಆದರೆ ಕೈಬಿಟ್ಟರೆ ಮಾವನವರು ಎರಡನೆಯ ಸಲ ತೀರಿಕೊಳ್ಳುತ್ತಾರೆ.

ಇವಳು ಒಂದು ಕಾಲಿನಿಂದ ಏಣಿ ಒತ್ತಿಕೊಂಡು, ಕೆಳಗಿಟ್ಟಿದ್ದ ಚೀಲದಿಂದ ಕ್ಯಾಮೆರಾ ತೆಗೆದಳು. ನಾನು ಮೇಲಿನಿಂದಲೇ ಬೆಳಕು, ವೇಗ, ದೂರ ಎಂದು ಒದರಿದೆ. ಅವಳು ತಲೆಯೆತ್ತಲಿಲ್ಲ. ಏನನ್ನೋ ಒಂದನ್ನು ತಿರುಗಿಸಿದಳು, ಮಕ್ಕಳಿಗೆ ಏನೋ ಹೇಳಿದಳು. ಎಲ್ಲರೂ ನನ್ನ ಕಡೆ ನೋಡಿ ಗೊಳ್ಳೆಂದು ನಕ್ಕರು. ಅದೇ ಕ್ಷಣಕ್ಕೆ ಒತ್ತಿದಳು.

ಆ ಫೋಟೋ ಈಗ ಮೇಡಂ ಮನೆಯ ಹಜಾರದಲ್ಲಿ, ಮಾವನವರ ಕೆಳಗೆ ಇದೆ. ತಮ್ಮ ಜೀವನದಲ್ಲಿ ಇಷ್ಟು ಚೆನ್ನಾಗಿ ನಕ್ಕ ಫೋಟೋ ಇನ್ನೊಂದಿಲ್ಲ ಎಂದು ಹೇಳಿ ಮೇಡಂ ಇವಳಿಗೆ ನನಗಿಂತ ಹೆಚ್ಚು ದುಡ್ಡು ಕೊಟ್ಟರು. ಅದನ್ನು ನೋಡಿದವರೆಲ್ಲ ಈಗ ಇವಳನ್ನು ಕರೆಯುತ್ತಾರೆ, ದುಡ್ಡೂ ಕೊಡುತ್ತಾರೆ. ಹವ್ಯಾಸ ಎಂಬ ಮಾತು ಅವಳ ಬಾಯಲ್ಲಿ ಯಾವತ್ತೂ ಬರಲಿಲ್ಲ, ಅದೇ ಕಾರಣವಿರಬೇಕು. ಮಷಿನ್ನೂ ಬಂತು. ಬಟ್ಟೆ ಹಾಕಿ ತೆಗೆಯುವುದು ನಾನೇ, ಯಾಕೆಂದರೆ ಭಾನುವಾರ ಅವಳಿಗೆ ಪುರುಸೊತ್ತಿಲ್ಲ.

ಕ್ಯಾಮೆರಾ ಮಾರಲಿಲ್ಲ, ನಾನು ಗೆದ್ದೆ. ಅದನ್ನು ಮುಟ್ಟಬೇಕಾದರೆ ಮಾತ್ರ ಅವಳನ್ನು ಕೇಳಬೇಕು. ಕೇಳಿದರೆ, ನಿಮ್ಮ ಸಾಮಾನು ಅಲ್ಲಿದೆಯಲ್ಲ ಎಂದು ಬಾಗಿಲ ಹಿಂದೆ ತೋರಿಸುತ್ತಾಳೆ. ಅಲ್ಲಿ ಹೊಸ ಏಣಿ ಇದೆ, ಇವಳೇ ಕೊಡಿಸಿದ್ದು. ಇಸ್ತ್ರಿ ಅಂಗಡಿಯ ಬಾಗಿಲ ಮೇಲೆ ನನ್ನ ಚೀಟಿ ಇನ್ನೂ ಹಾಗೇ ಇದೆ. ಬದಲಿಸುವ ಅಗತ್ಯ ಬೀಳಲಿಲ್ಲ, ಯಾಕೆಂದರೆ ಅವಳೂ ಫೋಟೋ ತೆಗೆಯುತ್ತಾಳೆ, ನಾನೂ ಫೋಟೋ ತೆಗೆಯುತ್ತೇನೆ.