ಮುಖವಿಲ್ಲದ ಇಬ್ಬರು ಮಹಾರಾಜರು

ನಾನು ಕುಂಚ ಹಿಡಿದು ಎಲ್ಲಿಗೇ ಹೋಗಲಿ, ಪೇಚು ನನಗಿಂತ ಮೊದಲೇ ಹೋಗಿ ಅಲ್ಲಿ ಚಾಪೆ ಹಾಸಿಕೊಂಡು ಕೂತಿರುತ್ತದೆ. ಅರಮನೆಯಲ್ಲೂ ಹಾಗೇ ಆಯಿತು, ದಾಂಡೇಲಿಗೆ ಬಂದ ಮೇಲೂ ಹಾಗೇ.

೧. ಕೋಟು ತೊಟ್ಟವರು

ನಾನು ಆಸ್ಥಾನ ಚಿತ್ರಗಾರನಾಗಿದ್ದ ಸಣ್ಣ ಸಂಸ್ಥಾನದ ಮಹಾರಾಜರಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಮುಖಕ್ಕೆಂದು ಕಾಲು ಗಂಟೆ ಕೊಡುತ್ತಿದ್ದರು, ಅಷ್ಟೇ. ಉಳಿದ ಮೈಗೆ ಅವರ ಜರಿ ಕೋಟನ್ನು ಅಡಿಗೆಭಟ್ಟರಿಗೆ ತೊಡಿಸಿ ನಿಲ್ಲಿಸುತ್ತಿದ್ದೆ. ಭಟ್ಟರ ಹೊಟ್ಟೆಯ ಮೇಲೆ ಗುಂಡಿ ಹಾಕಲು ಇಬ್ಬರು ಬೇಕಾಗುತ್ತಿದ್ದರು. ಮೊದಲ ಚಿತ್ರ ಮುಗಿದಾಗ ಮಹಾರಾಜರು ಬಹಳ ಹೊತ್ತು ನೋಡಿ, ಹೊಟ್ಟೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡು ಒಳಗೆ ಹೋದರು. ಸದ್ಯ ಬಚಾವಾದೆ ಎಂದುಕೊಂಡೆ. ಹಿಂದೆಯೇ ಬಂದ ಭಟ್ಟರು ನೋಡಿ ಹೇಳಿದರು: "ಎಲ್ಲಾ ಛಲೋ ಬಂದದರೀ. ಮಾರಿ ಒಂದ ನಂದಲ್ಲ."

೨. ಪಾಳಾ ಊರಿನ ಅಜ್ಜಿ

ಸಂಸ್ಥಾನ ಹೋಯಿತು. ಮೈ ಮಾತ್ರ ಬರೆದಿಟ್ಟಿದ್ದ ಎರಡು ಚಿತ್ರಗಳನ್ನು ಸುತ್ತಿಕೊಂಡು ದಾಂಡೇಲಿಗೆ, ಕಾಗದದ ಮಿಲ್ಲಿನಲ್ಲಿದ್ದ ಭಾವನ ಮನೆಗೆ ಬಂದೆ. ಕೋಟು, ಪದಕ, ಹೊಟ್ಟೆ ಎಲ್ಲ ಸಿದ್ಧ, ಕುತ್ತಿಗೆಯ ಮೇಲೆ ಖಾಲಿ. ಪಾಳಾ ಊರಿನ ರೈತರೊಬ್ಬರು ತೀರಿಹೋದ ತಂದೆಯ ಚಿತ್ರ ಬೇಕೆಂದರು. ಮಗನ ಮುಖ ನೋಡಿಯೇ ಅಂದಾಜಿನಲ್ಲಿ ತಂದೆಯ ಮುಖವನ್ನು ಒಂದು ಮೈಯ ಮೇಲೆ ಕೂರಿಸಿ ಒಯ್ದೆ. ಅವರ ತಾಯಿ ನೋಡುತ್ತಲೇ ಸೆರಗು ಬಾಯಿಗೆ ಹಿಡಿದಳು. ನಾನು ಬಾಗಿಲ ಕಡೆ ಸರಿದೆ.

"ಜೀವ ಇರೂತನಾ ಅಂಗಿ ಹಾಕ್ಕೋರಿ, ಅಂಗಿ ಹಾಕ್ಕೋರಿ ಅಂತ ಬಡ್ಕೊಂಡೆ, ಒಂದಿನ ಕೇಳಲಿಲ್ಲ," ಎಂದಳು ಅಜ್ಜಿ. "ಈಗ ನೋಡ್ರಿ, ಎಷ್ಟ್ ಶಾಣ್ಯಾ ಆಗಿ ಹಾಕ್ಕೊಂಡು ನಿಂತಾರ!"

೩. ಹಳಿಯಾಳದ ಊಟ

ಇನ್ನೊಂದು ಮೈಯ ಮೇಲೆ ಹಳಿಯಾಳದ ಕಟ್ಟಿಗೆ ಸಾಹುಕಾರರ ಮುಖ ಬಂತು. ಚಿತ್ರ ಅವರ ಪಡಸಾಲೆಯಲ್ಲಿ ತೂಗಿತು.

ಅಷ್ಟರಲ್ಲಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರಿಕೆ ಖಾಲಿಯಾಯಿತು. ಮಹಾರಾಜರಿಂದ ಶಿಫಾರಸು ಪತ್ರ ತಂದರೆ ಕೆಲಸ ಖಾತ್ರಿ ಎಂದರು ಹೆಡ್‌ಮಾಸ್ತರರು. ಭಾವನ ಮನೆಯಲ್ಲಿ ಉಂಡು ಉಂಡು ನಾಚಿಕೆಯಾಗಿದ್ದ ನನಗೆ ಆ ಕೆಲಸ ಬೇಕೇ ಬೇಕಿತ್ತು. ಮಹಾರಾಜರು ಜೋಯಿಡಾ ಕಾಡಿಗೆ ಶಿಕಾರಿಗೆ ಬಂದಿದ್ದಾರೆಂದು ಕೇಳಿ ಹಿಗ್ಗಿದೆ. ಊಟಕ್ಕೆ ಇಳಿಯುವುದು ಅದೇ ಸಾಹುಕಾರರ ಮನೆಯಲ್ಲಿ ಎಂದು ಕೇಳಿ ಕುಗ್ಗಿಹೋದೆ.

ನಾನು ಹೋದಾಗ ಮಹಾರಾಜರು ಚಿತ್ರದ ಮುಂದೆಯೇ ನಿಂತಿದ್ದರು. ಪಾಪ, ಬಹಳ ಬಡಕಲಾಗಿದ್ದರು.

"ಈ ಕೋಟು ನಂದು," ಎಂದರು.

"ಹೌದ್ರಿ ಸರಕಾರ."

"ಪದಕ ನಂದು. ಹೊಟ್ಟಿನೂ ನಂದು."

ಸುಳ್ಳು ಹೇಳುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. "ಹೊಟ್ಟಿ ಭಟ್ಟರದ್ರಿ ಸರಕಾರ. ಎಲ್ಲಾ ಚಿತ್ರದಾಗೂ ಅವರದ ಐತ್ರಿ."

ಮಹಾರಾಜರು ತಮ್ಮ ಹೊಟ್ಟೆ ಮುಟ್ಟಿ ನೋಡಿಕೊಂಡರು. ಕೆಲಸ ಹೋಯಿತು ಎಂದುಕೊಂಡೆ.

"ಆ ಹೊಟ್ಟಿ ನೋಡಿ ನಾ ತುಪ್ಪ ಬಿಟ್ಟೆ, ಹೋಳಿಗಿ ಬಿಟ್ಟೆ," ಎಂದರು ಮಹಾರಾಜರು. "ಇಷ್ಟು ವರ್ಷ ಬರೇ ಗಂಜಿ ಕುಡದೇನಲ್ಲೋ!" ಎಂದವರೇ ಎಲೆಯ ಮುಂದೆ ಕೂತು ಆರು ಹೋಳಿಗೆ ತಿಂದು, ತೇಗಿ, ನಗುತ್ತ, ನಾನು ಕೇಳಿದ ಶಿಫಾರಸು ಪತ್ರಕ್ಕೆ ಕಾಗದ ತರಿಸಿದರು. ನನಗೆ ಹೋದ ಜೀವ ಬಂತು.

ಕೆಲಸ ಸಿಕ್ಕಿತು. ಹೆಡ್‌ಮಾಸ್ತರರು ಮಾತ್ರ ಪತ್ರ ಓದಿ ನನ್ನನ್ನು ಎರಡು ಸಲ ನೋಡಿದರು. ಅದರಲ್ಲಿ ಇದ್ದದ್ದು ಇಷ್ಟೇ: "ಇವರು ಮುಖ ಬಹಳ ಚೆನ್ನಾಗಿ ಬರೆಯುತ್ತಾರೆ. ಹೊಟ್ಟೆಯ ವಿಷಯದಲ್ಲಿ ಇವರನ್ನು ನಂಬಬಾರದು."