ಐವತ್ತಾರನೆಯ ಸೆಲ್ಲು

"ನೀನು ಹೋಗಿ ಬಾ, ಮನೆ ನಾನು ನೋಡ್ಕೋತೀನಿ" ಎಂದು ಗಂಡ ಹೇಳಿದ. ಹೇಳುವಾಗ ಅವನು ಸೋಫಾದಲ್ಲಿ ಒರಗಿದ್ದ. ಪಕ್ಕದಲ್ಲಿ ಅವನ ಒದ್ದೆ ಟವೆಲ್ಲು, ಕಾಲ ಬಳಿ ಅವನು ಕುಡಿದಿಟ್ಟ ಕಾಫಿ ಲೋಟ, ಲೋಟದೊಳಗೆ ಅವನು ತಿಂದ ಕಿತ್ತಳೆಯ ಸಿಪ್ಪೆ. ಈ ಮೂರನ್ನು ನೋಡಿಕೊಳ್ಳಲಾಗದವನು ಮೂರು ಕೋಣೆಯ ಮನೆಯನ್ನು ನೋಡಿಕೊಳ್ಳುತ್ತಾನಂತೆ! ಅವನ ಮಾತು ಪೂರ್ತಿ ಸುಳ್ಳೇನಲ್ಲ. ಬರೀ ನೋಡುವುದಾದರೆ ಆ ಸೋಫಾದಿಂದ ಅಡುಗೆಮನೆಯೂ ಸೇರಿ ಇಡೀ ಮನೆ ಚೆನ್ನಾಗಿ ಕಾಣುತ್ತದೆ.

ಅವಳು ಹೋಗಬೇಕಿದ್ದದ್ದು ತವರಿಗಲ್ಲ, ತರಬೇತಿಗೆ. ಬೇರೆ ಊರಿನಲ್ಲಿ ಹದಿನೈದು ದಿನ. ಮುಗಿಸಿ ಬಂದವರಿಗೆ ಬ್ಯಾಟರಿ ಕೋಣೆಯ ಉಸ್ತುವಾರಿ. ಆ ಕೋಣೆಯಲ್ಲಿ ಅವಳು ದುಡಿಯಲು ಶುರುಮಾಡಿದ ಮೇಲೆ ಮೂವರು ಉಸ್ತುವಾರಿಗಳು ಬಂದು ಹೋಗಿದ್ದರು. ಮೂವರೂ ಗಂಡಸರು. ಮೂವರಿಗೂ ಕೆಲಸ ಕಲಿಸಿದವಳು ಅವಳು.

ಬ್ಯಾಟರಿ ಕೋಣೆ ಇರುವುದು ವಿದ್ಯುತ್ ಸಬ್‌ಸ್ಟೇಷನ್ನಿನ ಹಿಂಭಾಗದಲ್ಲಿ. ಎಕ್ಸಾಸ್ಟ್ ಫ್ಯಾನು ಸದಾ ಗುಂಯ್ ಎನ್ನುವ ಆ ಕೋಣೆಯಲ್ಲಿ, ಸ್ಟ್ಯಾಂಡುಗಳ ಮೇಲೆ, ಅಕ್ಕಿ ಡಬ್ಬಿಯಷ್ಟು ದೊಡ್ಡ ಐವತ್ತೈದು ಸೆಲ್ಲುಗಳು ಸಾಲಾಗಿ ಕೂತಿವೆ. ಒಳಗೆ ಸೀಸದ ಪ್ಲೇಟು, ಸುತ್ತ ಆಸಿಡ್ಡು. ಚಾರ್ಜರ್ ಎಂಬ ಕಬ್ಬಿಣದ ಬೀರುವೊಂದು ಹಗಲೂ ರಾತ್ರಿ ಅವಕ್ಕೆ ಗುಟುಕು ಗುಟುಕಾಗಿ ಕರೆಂಟು ಕುಡಿಸುತ್ತದೆ. ಸ್ಟೇಷನ್ನಿನ ಸ್ವಿಚ್ಚು, ದೀಪಗಳನ್ನು ನಡೆಸುವ ಅವುಗಳ ಕೆಲಸವನ್ನೂ ತಾನೇ ಹೊತ್ತುಕೊಂಡಿರುತ್ತದೆ. ಹೊರಗಿನ ಕರೆಂಟು ಹೋಗಿ ಚಾರ್ಜರ್ ನಿಂತಾಗ ಮಾತ್ರ ಸೆಲ್ಲುಗಳು ಎದ್ದು ದುಡಿಯಬೇಕು. ಅದೂ ಅಪರೂಪಕ್ಕೆ. ಉಳಿದಂತೆ ಕೂತು ಉಣ್ಣುವ ಬದುಕು. (ಮೊದಲ ದಿನ ಅವುಗಳನ್ನು ಕಂಡಾಗ ಅವಳಿಗೆ ಎಲ್ಲೋ ನೋಡಿದ ಮುಖ ಅನ್ನಿಸಿತ್ತು.)

ಕೂತು ಉಣ್ಣುವವರಿಗೆ ಉಪಚಾರ ಜಾಸ್ತಿ. ಮಟ್ಟ ಇಳಿದಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಹೈಡ್ರೋಮೀಟರಿನಿಂದ ಆಸಿಡ್ಡಿನ ಗಾಢತೆ ನೋಡಬೇಕು. ತುದಿಗಳಲ್ಲಿ ಕಟ್ಟುವ ಕಿಲುಬು ಒರೆಸಿ ವ್ಯಾಸಲೀನ್ ಸವರಬೇಕು. ಇದರಲ್ಲಿ ಅವಳ ಕೈ ಎಷ್ಟು ಪಳಗಿತ್ತೆಂದರೆ ಸೆಲ್ಲುಗಳ ಮುಖ ನೋಡಿಯೇ ಯಾವುದಕ್ಕೆ ಹುಷಾರಿಲ್ಲ ಎಂದು ಹೇಳುತ್ತಿದ್ದಳು. ಅವಳ ಸೀರೆಗಳ ಅಂಚಿನಲ್ಲಿ ಆಸಿಡ್ಡು ಸಿಡಿದ ಸಣ್ಣ ಸಣ್ಣ ತೂತುಗಳಿದ್ದವು. ಒಮ್ಮೆ ಬೇಸರದಲ್ಲಿ, "ಇಲ್ಲಿ ಐವತ್ತೈದು, ಮನೇಲಿ ಐವತ್ತಾರನೇದು" ಎಂದು ಬಾಯಿಬಿಟ್ಟಿದ್ದೇ ತಪ್ಪಾಯಿತು. ಅಂದಿನಿಂದ ಜೊತೆಯಲ್ಲಿ ಕೆಲಸ ಮಾಡುವ ಮೀಸೆ (ಆಳಿಗಿಂತ ಮೀಸೆಯೇ ಎದ್ದು ಕಾಣುವುದರಿಂದ ಎಲ್ಲರೂ ಕರೆಯುವುದು ಹಾಗೆ) ದಿನಾ ಬೆಳಿಗ್ಗೆ ಬಂದವನೇ ಕೇಳುತ್ತಿದ್ದ: "ಅಕ್ಕಾವ್ರೆ, ಐವತ್ತಾರನೇ ಸೆಲ್ ಹೇಗಿದೆ?"

ಈ ಮೀಸೆಯದೇ ಈಗ ತೊಂದರೆ. "ಹೋಗ್ತೀರೋ ಇಲ್ವೋ ಸೋಮವಾರ ಹೇಳ್ಬಿಡಿ. ಇಲ್ಲ ಅಂದ್ರೆ ಇವರ ಹೆಸರು ಕಳಿಸ್ತೀನಿ" ಎಂದಿದ್ದರು ಸಾಹೇಬರು, ಮೀಸೆಯತ್ತ ಕೈ ತೋರಿಸಿ. ಮೀಸೆ ಉಸ್ತುವಾರಿ! ಹಿಂದಿನ ವರ್ಷ ಕೆಪ್ಯಾಸಿಟಿ ಟೆಸ್ಟಿನ ದಿನ ನಡೆದದ್ದನ್ನು ಅವಳು ಮರೆತಿರಲಿಲ್ಲ. ಸೆಲ್ಲುಗಳ ತಾಕತ್ತು ತಿಳಿಯಲು ವರ್ಷಕ್ಕೊಮ್ಮೆ ಚಾರ್ಜರನ್ನು ಬೇರ್ಪಡಿಸಿ, ಅವುಗಳ ಮೇಲೆ ಹತ್ತು ಗಂಟೆ ಸತತ ಹೊರೆ ಹಾಕಿ, ಯಾವುದು ಮೊದಲು ಬೀಳುತ್ತದೆಂದು ನೋಡುವ ಪರೀಕ್ಷೆ ಅದು. ಅವಳು ರಜೆಯಲ್ಲಿದ್ದಳು. ಮೀಸೆ ಗಂಟೆಗೊಮ್ಮೆ ಅಳೆದು, "ಒಂದೂ ಬಿದ್ದಿಲ್ಲ ಸಾರ್, ಎಲ್ಲಾ ಮದುಮಕ್ಕಳ ಹಾಗಿವೆ!" ಎಂದು ಕುಣಿದಾಡಿದ್ದ. ಮರುದಿನ ಬಂದು ನೋಡಿದರೆ ಮಹಾರಾಯ ಚಾರ್ಜರನ್ನು ಬೇರ್ಪಡಿಸಿಯೇ ಇರಲಿಲ್ಲ! ಹತ್ತು ಗಂಟೆ ಹೊರೆ ಹೊತ್ತದ್ದು ಚಾರ್ಜರು, ಶಹಬಾಸ್‌ಗಿರಿ ಸೆಲ್ಲುಗಳಿಗೆ. "ಇಷ್ಟೂ ತಿಳಿಯಲ್ವೇನ್ರೀ ನಿಮಗೆ?" ಎಂದು ಅವಳು ಅವನಿಗೆ ಬಿಸಿ ಮುಟ್ಟಿಸಿದ್ದಳು. ಆ ದಿನ ಮೀಸೆ ಕೂಡ ಸ್ವಲ್ಪ ಜೋತುಬಿದ್ದಿತ್ತು.

ಅಂಥವನ ಕೈಕೆಳಗೆ ಕೆಲಸವೇ? ಪ್ರಾಣ ಹೋದರೂ ಇಲ್ಲ. ಆದರೆ ಹದಿನೈದು ದಿನ ಮನೆ? ಗಂಡನಿಗೆ ಒಲೆ ಹೊತ್ತಿಸಲು ಬರುತ್ತದೋ ಇಲ್ಲವೋ ಎಂಬುದು ಮದುವೆಯಾದಂದಿನಿಂದ ಇತ್ಯರ್ಥವಾಗದ ಪ್ರಶ್ನೆ. ಅತ್ತೆಗೆ ಮಂಡಿನೋವು. ಯೋಚಿಸಿ ಯೋಚಿಸಿ ಅವಳ ತಲೆಯಲ್ಲಿ ದೀಪ ಹೊತ್ತಿತು.

"ರೀ, ಭಾನುವಾರ ನಿಮಗೆ ಕೆಪ್ಯಾಸಿಟಿ ಟೆಸ್ಟು."

"ನಂಗಾ? ಬ್ಲಡ್ ಟೆಸ್ಟಾ?"

"ಅಲ್ಲ. ಬೆಳಿಗ್ಗೆ ಆರರಿಂದ ಸಂಜೆ ನಾಲ್ಕರವರೆಗೆ ನಾನು ಕುರ್ಚಿ ಮೇಲೆ ಕೂತಿರ್ತೀನಿ. ಕಡ್ಡಿ ಎತ್ತಿ ಆ ಕಡೆ ಇಡಲ್ಲ. ಮನೆ ಪೂರ್ತಿ ನಿಮ್ಮದು. ನಡೀತು ಅಂದ್ರೆ ಹೋಗ್ತೀನಿ."

"ಅಷ್ಟೇನಾ! ನೀನು ಹತ್ತು ಗಂಟೆ ಸುಮ್ಮನೆ ಕೂರ್ತೀಯಾ ಅನ್ನೋದೇ ನಂಗೆ ಡೌಟು" ಎಂದು ಗಂಡ ನಕ್ಕ. ಅವನು ವಿಮಾ ಕಚೇರಿಯಲ್ಲಿ ಗುಮಾಸ್ತ. ಬರಲಿರುವ ಅಪಾಯಗಳ ಬಗ್ಗೆ ಊರಿಗೆಲ್ಲ ಎಚ್ಚರಿಕೆ ಹೇಳುವವನಿಗೆ ತನ್ನದು ಮಾತ್ರ ಕಾಣಲಿಲ್ಲ.

ಪರೀಕ್ಷೆಗೆ ಮುಂಚೆ ಸೆಲ್ಲುಗಳಿಗೆ ಪೂರ್ತಿ ಚಾರ್ಜ್ ಕೊಟ್ಟಿರಬೇಕು. ಅರೆಹೊಟ್ಟೆಯ ಸೆಲ್ಲನ್ನು ಪರೀಕ್ಷಿಸುವುದು ಅನ್ಯಾಯ. ನ್ಯಾಯ ಅಂದರೆ ನ್ಯಾಯ ಎಂದು ಶನಿವಾರ ಕೆಲಸದಿಂದ ಬಂದವಳೇ ಅವಳು ಸೆರಗು ಸಿಕ್ಕಿಸಿದಳು. ತರಕಾರಿ ಹೆಚ್ಚಿ ಡಬ್ಬಿಗೆ ತುಂಬಿದಳು. ಬೇಳೆ ಬೇಯಿಸಿಟ್ಟಳು. ಹಿಟ್ಟು ಕಲಸಿಟ್ಟಳು. ಅತ್ತೆಯ ಮಾತ್ರೆಗಳನ್ನು ಹೊತ್ತು ಹೊತ್ತಿಗೆ ಪೊಟ್ಟಣ ಕಟ್ಟಿದಳು. ಗಂಡನ ಅಂಗಿಗಳಿಗೆ ಇಸ್ತ್ರಿ ಹಾಕಿದಳು. (ಭಾನುವಾರ ಅವನು ಬನಿಯನ್ನಿನಲ್ಲೇ ಇರುತ್ತಾನೆಂದು ಗೊತ್ತಿದ್ದೂ.) ಕೊನೆಗೆ ಕಾಫಿ ಪುಡಿಯನ್ನೂ ಸಕ್ಕರೆಯನ್ನೂ ಅಳೆದು ಲೋಟಕ್ಕೇ ಹಾಕಿ ಮೇಲೊಂದು ತಟ್ಟೆ ಮುಚ್ಚಿದಳು.

ಅತ್ತೆ ಮಂಡಿಗೆ ಎಣ್ಣೆ ತಿಕ್ಕುತ್ತ ಎಲ್ಲವನ್ನೂ ನೋಡುತ್ತಿದ್ದರು. "ಏನಮ್ಮಾ ಇದು, ನಾಳೆ ಮದುವೆ ದಿಬ್ಬಣ ಬರುತ್ತಾ?"

"ಇಲ್ಲ ಅತ್ತೆ, ನಾಳೆ ನಂಗೆ ರಜ."

"ಓಹೋ! ಒಂದು ದಿನದ ರಜಕ್ಕೆ ಎರಡು ದಿನದ ಕೂಲಿ. ಚೆನ್ನಾಗಿದೆ ಚೆನ್ನಾಗಿದೆ" ಎಂದು ಅತ್ತೆ ಇನ್ನೊಂದು ಮಂಡಿಗೆ ಎಣ್ಣೆ ಹಾಕಿಕೊಂಡರು.

ಭಾನುವಾರ ಬೆಳಗಾಯಿತು. ಅವಳು ನಡುಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಕೈ ಕಟ್ಟಿ, ಮಹಾರಾಣಿಯ ಹಾಗೆ ಕೂತಳು. ಗಂಡ ಸೊಂಟಕ್ಕೆ ಟವೆಲ್ಲು ಬಿಗಿದು ರಣರಂಗ ಪ್ರವೇಶಿಸಿದ.

"ಲೇ, ಹಾಲಿನ ಪಾತ್ರೆ ಎಲ್ಲಿ?"

"ಮೇಲಿನ ಸಾಲು, ಎಡಗಡೆ."

"ಯಾವ ಎಡ?"

"ನಿಮ್ಮ ಎಡ ರೀ."

"ನಾನು ಈ ಕಡೆ ತಿರುಗಿದೀನಿ."

"ಹಾಗಾದ್ರೆ ಬಲ!"

ಪಾತ್ರೆ ಸಿಕ್ಕಿತು. ಜೊತೆಗೆ ನಾಲ್ಕು ಮುಚ್ಚಳ ಕೆಳಗೆ ಬಿದ್ದವು. ಅವಳ ಕಾಲು ತಾನಾಗಿ ನೆಲಕ್ಕೂರಿತು. ಇಲ್ಲ, ಕಡ್ಡಿ ಎತ್ತಕೂಡದು. ಕೂತಳು.

"ಹಾಲು ಉಕ್ಕೋ ಹಾಗೆ ಕಾಣುತ್ತೆ ಕಣೇ."

"ಕಾಣೋದಲ್ಲ, ಉರಿ ಸಣ್ಣ ಮಾಡಿ!"

"ಅನ್ನಕ್ಕೆ ನೀರೆಷ್ಟು?"

"ಒಂದಕ್ಕೆ ಎರಡು."

"ಒಂದು ಏನು, ಎರಡು ಏನು?"

"ಒಂದು ಲೋಟ ಅಕ್ಕಿ, ಎರಡು ಲೋಟ ನೀರು. ಅದಲ್ಲ ರೀ, ಕೈಲಿರೋದು ಅಮ್ಮನ ಕಷಾಯದ ಲೋಟ. ಅದರ ಪಕ್ಕದ್ದು. ಅದರ ಪಕ್ಕದ್ದು!"

"ಉಪ್ಪೆಲ್ಲಿ?"

"ಮೂರನೇ ಸಾಲು, ಹಿಂದುಗಡೆ, ನೀಲಿ ಮುಚ್ಚಳ."

"ಇದಾ?"

"ಅದು ಸೋಡಾ."

ಬಟ್ಟೆ ಒಗೆಯುವ ಯಂತ್ರದ ಗುಂಡಿಯಾಯಿತು, ಕಸಪೊರಕೆಯ ವಿಳಾಸವಾಯಿತು, ಒದ್ದೆ ನೆಲ ಒರೆಸುವ ಬಟ್ಟೆಗೂ ಪಾತ್ರೆ ಒರೆಸುವ ಬಟ್ಟೆಗೂ ಇರುವ ವ್ಯತ್ಯಾಸವಾಯಿತು. (ಅವನ ಪ್ರಕಾರ ಇಲ್ಲ.) ಬೇಳೆ ತಳ ಹಿಡಿಯುವ ವಾಸನೆಯನ್ನು ಅವಳು ಕುರ್ಚಿಯಿಂದಲೇ ಹಿಡಿದು ಕೂಗಿದಳು. ಅತ್ತೆಯ ಮಾತ್ರೆಯ ಹೊತ್ತನ್ನು ನೆನಪಿಸಿದಳು. ಬಟ್ಟೆ ಒಣಗಿದಾಗ ಕೆಮ್ಮಿದಳು. ಅವನು ತಿರುಗಿ ನೋಡಿದಾಗ ಕಣ್ಣಲ್ಲೇ ಹಿತ್ತಲ ಬಾಗಿಲು ತೋರಿಸಿದಳು. ಹೊತ್ತು ಏರಿದಂತೆ ಅವಳ ಗಂಟಲು ಬಿದ್ದುಹೋಯಿತು.

"ಕೈಗೆ ರಜ, ಬಾಯಿಗೆ ಓವರ್‌ಟೈಮು" ಎಂದರು ಅತ್ತೆ, ಯಾರಿಗೂ ಅಲ್ಲವೆಂಬಂತೆ.

ಆದರೂ ನಾಲ್ಕು ಹೊಡೆದಾಗ ಮನೆ ನಿಂತೇ ಇತ್ತು! ಊಟವಾಗಿತ್ತು, ಬಟ್ಟೆ ಮಡಚಿಯಾಗಿತ್ತು, ಅತ್ತೆ ಬದುಕಿದ್ದರು. ಗಂಡ ಸೋಫಾದ ಮೇಲೆ ಬಿದ್ದು, ತಂಗಿಗೆ ಫೋನು ಹಚ್ಚಿದ. "ಇಡೀ ದಿನ ಕಣೇ, ನಾನೊಬ್ಬನೇ! ನಿಮ್ಮತ್ತಿಗೆ ಕುರ್ಚಿ ಬಿಟ್ಟು ಏಳಲಿಲ್ಲ. ಏನಿದೆ ಮನೆಕೆಲಸದಲ್ಲಿ? ನೀವೆಲ್ಲ ಸುಮ್ನೆ ದೊಡ್ಡದು ಮಾಡ್ತೀರ."

ಅವಳಿಗೆ ಒಂದು ಕಣ್ಣಲ್ಲಿ ಉರಿ, ಒಂದು ಕಣ್ಣಲ್ಲಿ ಖುಷಿ. ಇಷ್ಟು ವರ್ಷದ ದುಡಿಮೆಯನ್ನು ಈ ಮನುಷ್ಯ ಒಂದೇ ದಿನದಲ್ಲಿ ಏನೂ ಅಲ್ಲ ಅಂತ ಮಾಡಿಬಿಟ್ಟನಲ್ಲ! ಹೋಗಲಿ, ತರಬೇತಿಗಂತೂ ದಾರಿಯಾಯಿತು.

ಸೋಮವಾರ ಬೆಳಿಗ್ಗೆ ಬ್ಯಾಟರಿ ಕೋಣೆಗೆ ಕಾಲಿಟ್ಟಾಗ ಮೀಸೆ ಎಂದಿನ ಪ್ರಶ್ನೆ ಕೇಳಿದ. ಅವಳು ಒಡೆದ ಗಂಟಲಲ್ಲೇ ಟೆಸ್ಟಿನ ಕಥೆಯನ್ನೆಲ್ಲ ಹೇಳಿದಳು. "ಹತ್ತು ಗಂಟೆ ರೀ! ಬೀಳಲಿಲ್ಲ!"

"ಗಂಟಲಿಗೇನಾಯ್ತು ಅಕ್ಕಾವ್ರೆ?"

"ಕೂಗಿ ಕೂಗಿ. ಉಪ್ಪು ಎಲ್ಲಿ, ಸೌಟು ಎಲ್ಲಿ ಅಂತ ನಿಮಿಷಕ್ಕೊಂದು ಸಲ ಕೇಳ್ತಿದ್ರಲ್ಲ, ಹೇಳ್ಬೇಡ್ವಾ?"

ಮೀಸೆ ಹೈಡ್ರೋಮೀಟರನ್ನು ಮೆಲ್ಲಗೆ ಕೆಳಗಿಟ್ಟ. ಅವನ ಮುಖ ಅಗಲವಾಗುತ್ತ ಹೋಯಿತು. ಮೀಸೆ ಕಿವಿಯವರೆಗೆ ಹೋಗಿ ನಿಂತಿತು.

"ಅಕ್ಕಾವ್ರೆ... ಚಾರ್ಜರ್ ತೆಗೆದಿದ್ರಾ?"

ಎಕ್ಸಾಸ್ಟ್ ಫ್ಯಾನು ಗುಂಯ್ ಎಂದಿತು. ಐವತ್ತೈದು ಸೆಲ್ಲುಗಳೂ ಅವಳನ್ನೇ ನೋಡಿದವು. ಹತ್ತು ಗಂಟೆ ಕುರ್ಚಿಯ ಮೇಲೆ ಕೂತಿತ್ತು ಚಾರ್ಜರು! ತಂತಿಯೊಂದೂ ಬಿಚ್ಚದೆ, ಎಡ ಬಲ ಉಪ್ಪು ಸೋಡಾ ಎಂದು ಪೂರ್ತಿ ಹೊರೆ ಹೊತ್ತು ಕೂತಿತ್ತು. ಶಹಬಾಸ್‌ಗಿರಿ ಸೋಫಾಕ್ಕೆ ಹೋಯಿತು.

"ಇಷ್ಟೂ ತಿಳಿಯಲ್ವೇನ್ರೀ ನಿಮಗೆ?" ಎಂದ ಮೀಸೆ, ವರ್ಷದಿಂದ ಕಾದಿಟ್ಟಿದ್ದನ್ನು ಬಡ್ಡಿ ಸಮೇತ ಹಿಂದಿರುಗಿಸುತ್ತ. "ಹಾಗಾದ್ರೆ ಮನೆ ನಿಲ್ಲಲ್ಲ ಬಿಡಿ. ಸಾಹೇಬರಿಗೆ ಹೇಳ್ಬಿಡಿ, ನಾನೇ ಹೋಗಿ ಬರ್ತೀನಿ."

ಆ ಕೊನೆಯ ಮಾತನ್ನು ಅವನು ಆಡಬಾರದಿತ್ತು. ಅವಳು ನೆಟ್ಟಗೆ ಸಾಹೇಬರ ಕೋಣೆಗೆ ನಡೆದು, "ನನ್ನ ಹೆಸರು ಕಳಿಸಿ ಸಾರ್" ಎಂದಳು.

ಹೊರಡುವ ದಿನ ಭಾನುವಾರ. ಬೆಳಿಗ್ಗೆ ಗಂಡ ಫ್ರಿಜ್ಜಿನ ಬಾಗಿಲು ತೆರೆದು, ಹಾಗೇ ನಿಂತ.

"ಏನೇ ಇದು, ಡಬ್ಬಿಗಳೆಲ್ಲ ಖಾಲಿ?"

"ಹೂಂ."

"ಬೇಳೆ? ಹೆಚ್ಚಿದ ತರಕಾರಿ? ಟೆಸ್ಟಿಗೆ ಮುಂಚೆ ಫುಲ್ ಚಾರ್ಜ್ ಮಾಡ್ಬೇಕು ಅಂತ ನೀನೇ ಅಲ್ವಾ ಹೇಳಿದ್ದು!"

"ಇದು ಟೆಸ್ಟಲ್ಲ ರೀ" ಎಂದಳು ಅವಳು, ಬ್ಯಾಗಿನ ಜಿಪ್ಪು ಎಳೆಯುತ್ತ. "ಕರೆಂಟೇ ಹೋಗಿದೆ. ನನ್ನ ಫೋನೂ ಆಫ್ ಆಗಿರುತ್ತೆ. ರಾತ್ರಿ ಊಟದ ಹೊತ್ತು ಕಳೆದ ಮೇಲೆ ಮಾತಾಡೋಣ."

ಅತ್ತೆ ಮಾತ್ರ ಬಾಗಿಲವರೆಗೆ ಕುಂಟುತ್ತ ಬಂದು, "ಹೂಂ, ಹೊರಡು ಹೊರಡು. ಹಿಂದೆ ತಿರುಗಿ ನೋಡ್ಬೇಡ" ಎಂದರು.

ಬಸ್ಸು ಹೊರಟಿತು. ಅವಳು ಫೋನನ್ನು ಆರಿಸಿ ಬ್ಯಾಗಿನ ತಳಕ್ಕೆ ತುರುಕಿದಳು. ಆಹಾ! ಕಿಟಕಿಯಲ್ಲಿ ಗಾಳಿ, ಮಡಿಲಲ್ಲಿ ಖಾಲಿ ಕೈಗಳು. ಸ್ವಲ್ಪ ಹೊತ್ತಿಗೆ ಆ ಖಾಲಿ ಕೈಗಳು ಬ್ಯಾಗಿನ ಜಿಪ್ಪನ್ನು ಎಳೆದು ಮುಚ್ಚಿ, ಎಳೆದು ಮುಚ್ಚಿ ಮಾಡತೊಡಗಿದವು. ಹಾಲು ಉಕ್ಕಿರುತ್ತದೆ. ಉಕ್ಕಿ ಒಲೆ ಆರಿರುತ್ತದೆ. ಅನ್ನದ ಬದಲು ಅಂಟು ಆಗಿರುತ್ತದೆ. ಅವನು ನೂರು ಸಲ ಫೋನು ಮಾಡಿ ಮಾಡಿ ಗೋಳಾಡುತ್ತಿರುತ್ತಾನೆ. ಪಾಪ. ಅನುಭವಿಸಲಿ. ಪಾಪ.

ಮಧ್ಯಾಹ್ನ ಬಸ್ಸು ಟೀ ಅಂಗಡಿಯ ಮುಂದೆ ನಿಂತಿತು. ಎಷ್ಟು ಸಲ ಕರೆದಿದ್ದಾನೆಂದು ಎಣಿಸುವುದಕ್ಕೆ ಮಾತ್ರ, ಬೇರೆ ಯಾವ ಉದ್ದೇಶವೂ ಇಲ್ಲದೆ, ಅವಳು ಫೋನು ಹೊತ್ತಿಸಿದಳು.

ಒಂದು ಕರೆಯೂ ಇಲ್ಲ.

ಫೋನನ್ನು ಅಲ್ಲಾಡಿಸಿ ನೋಡಿದಳು. ಆಮೇಲೆ ಅವಳ ಬೆರಳು ಅವಳನ್ನು ಕೇಳದೆಯೇ ಮನೆಗೆ ಕರೆ ಮಾಡಿತು.

"ಏನಾಯ್ತೇ? ಹುಷಾರಾಗಿದೀಯಾ?" ಗಂಡನ ದನಿಯಲ್ಲಿ ಗಾಬರಿ.

"ನಂಗೇನಾಗಿದೆ? ಊಟ ಆಯ್ತಾ?"

"ಆಯ್ತಲ್ಲ. ಅನ್ನ ಮಾಡಿದ್ದೆ. ಮೇಲೆ ಗಂಜಿ, ಕೆಳಗೆ ಇದ್ದಿಲು. ಮಧ್ಯದಲ್ಲಿ ಸುಮಾರು ಅನ್ನ ಇತ್ತು, ಅದನ್ನ ಹಂಚ್ಕೊಂಡ್ವಿ."

"ಉಪ್ಪು ಸಿಕ್ತಾ?"

"ಉಪ್ಪು ಹಾಕ್ಬೇಕಿತ್ತಾ?"

"ಅಯ್ಯೋ, ಮೂರನೇ ಸಾಲು, ಹಿಂದುಗಡೆ, ನೀಲಿ ಮುಚ್ಚ..."

ಫೋನು ಅತ್ತೆಯ ಕೈಗೆ ಹೋಗಿತ್ತು. "ಏನಮ್ಮಾ, ಕರೆಂಟು ಹೋಗಿದೆ ಅಂದಿದ್ದೆ? ಇಷ್ಟು ಬೇಗ ಬಂತಾ?"

"ಇಲ್ಲ ಅತ್ತೆ, ಬಸ್ಸು ನಿಂತಿತ್ತು, ಸುಮ್ನೆ..."

"ಉಪ್ಪಿಲ್ಲದೆ ಉಂಡೆ, ಸಾಯ್ಲಿಲ್ಲ. ಈಗ ಅವನು ಪಾತ್ರೆ ಉಜ್ಜೋಕೆ ಹೊರಟಿದಾನೆ. ತಳ ಹತ್ತಿದ್ದನ್ನ ಹಾಗೇ ನೆನೆಹಾಕಿ, ನಾನೇ ಬಂದು ಉಜ್ತೀನಿ ಅಂತ ನೀನು ಹೇಳೋಕೆ ಮುಂಚೆ ಫೋನು ಇಡು."

ಅವಳು ಬಾಯಿ ಮುಚ್ಚಿದಳು. ಅದನ್ನೇ ಹೇಳಲು ಬಾಯಿ ತೆರೆದಿದ್ದಳು.

"ಈ ಚಟ ಬಿಡಿಸ್ಕೊಳ್ಳೋಕೆ ನಂಗೆ ಮಂಡಿ ಸವೆಯೋವರೆಗೂ ಆಗಲಿಲ್ಲ" ಎಂದರು ಅತ್ತೆ, ದನಿ ತಗ್ಗಿಸಿ. "ನಿಂಗೆ ಸರ್ಕಾರದೋರೇ ಹದಿನೈದು ದಿನ ಕೊಟ್ಟಿದಾರೆ. ಸರಿಯಾಗಿ ಕಲಿತು ಬಾ." ಫೋನು ಕಟ್ ಆಯಿತು.

ಅಷ್ಟರಲ್ಲಿ ಪರದೆಯ ಮೇಲೆ ಮೀಸೆಯ ಸಂದೇಶ ಬಂದು ಕೂತಿತ್ತು. "ಅಕ್ಕಾವ್ರೆ, ಈ ಸಲ ಚಾರ್ಜರ್ ತೆಗೆದ್ರಾ? ಐವತ್ತಾರನೇ ಸೆಲ್ ಹೇಗಿದೆ?"

ಬಸ್ಸು ಹಾರ್ನ್ ಹೊಡೆಯಿತು. ಅವಳು ಓಡುತ್ತಲೇ ಉತ್ತರ ಒತ್ತಿದಳು: "ತೆಗೆದೆ. ನಾಲ್ಕೇ ಗಂಟೆಯಲ್ಲಿ ಬಿದ್ದುಹೋಯ್ತು."

"ನಾನು ಹೇಳ್ಲಿಲ್ವಾ!" ಎಂದು ಮೀಸೆ ಗೆದ್ದವನಂತೆ ಬರೆದ. ಬಿದ್ದದ್ದು ಸೆಲ್ಲೋ ಚಾರ್ಜರೋ ಎಂದು ಅವನು ಕೇಳಲಿಲ್ಲ. ಅವಳೂ ಹೇಳುವ ಗೋಜಿಗೆ ಹೋಗಲಿಲ್ಲ. ಫೋನು ಆರಿಸಿ ಬ್ಯಾಗಿಗೆ ಹಾಕಿ, ಬ್ಯಾಗನ್ನು ತಲೆಯ ಮೇಲಿನ ಸಾಮಾನು ಹಲಗೆಗೆ ಎಸೆದು, ಕೈಗಳೆರಡನ್ನೂ ಒತ್ತಿ ಹಿಡಿದು ಅವುಗಳ ಮೇಲೆ ಕೂತಳು.